ಹಾಕಿದ ದುಡ್ಡು, ಹಾಕಬೇಕಾದ ದುಡ್ಡು

ಮನೆಯ ಪಕ್ಕದ ಶೆಡ್ಡಿನಲ್ಲಿ ನಾಲ್ಕು ಕಂಬದ ಲಿಫ್ಟ್ ಹಾಕಿಸಿಕೊಂಡು ಕಾರು ರಿಪೇರಿ ಮಾಡುವವರಿಗೆ ಒಂದಲ್ಲ ಒಂದು ದಿನ ಬ್ರಿಡ್ಜ್ ಜ್ಯಾಕಿನ ಪ್ರಶ್ನೆ ಎದುರಾಗುತ್ತದೆ. ಈ ಬಗೆಯ ಲಿಫ್ಟಿನಲ್ಲಿ ಕಾರು ಎರಡು ಉದ್ದನೆಯ ಕಬ್ಬಿಣದ ಹಲಗೆಗಳ ಮೇಲೆ ನಾಲ್ಕೂ ಚಕ್ರ ಊರಿಯೇ ನಿಲ್ಲುತ್ತದೆ. ಆಯಿಲ್ ಬದಲಿಸಲು, ಸೈಲೆನ್ಸರ್ ಕಳಚಲು, ಅಡಿಭಾಗದ ತುಕ್ಕು ನೋಡಲು ಅಷ್ಟು ಸಾಕು. ಬ್ರೇಕ್ ಪ್ಯಾಡ್, ವೀಲ್ ಬೇರಿಂಗ್, ಶಾಕ್ ಅಬ್ಸಾರ್ಬರ್‌ಗಳ ಕೆಲಸ ಮಾತ್ರ ಚಕ್ರ ಬಿಚ್ಚದೆ ಆಗುವುದಿಲ್ಲ. ಹಲಗೆಗಳ ನಡುವೆ ಹಳಿಯ ಮೇಲೆ ಹಿಂದೆ ಮುಂದೆ ಜಾರುವ ಬ್ರಿಡ್ಜ್ ಜ್ಯಾಕ್, ಮುಂದಿನ ಎರಡು ಅಥವಾ ಹಿಂದಿನ ಎರಡು ಚಕ್ರಗಳನ್ನು ಹಲಗೆಯಿಂದ ಮೇಲಕ್ಕೆತ್ತಿ ಆ ಕೊರತೆಯನ್ನು ತುಂಬುತ್ತದೆ. ಉಪಯೋಗದ ಬಗ್ಗೆ ತಕರಾರಿಲ್ಲ. ಅದು ತನ್ನ ಬೆಲೆಯನ್ನು ತಾನೇ ದುಡಿಯುತ್ತದೆಯೇ ಎಂಬುದು ಪ್ರಶ್ನೆ.

ಸಾಮಾನ್ಯವಾಗಿ ಕೇಳುವ ವಾದವೊಂದಿದೆ: ಲಿಫ್ಟಿಗೇ ಲಕ್ಷಗಟ್ಟಲೆ ಹಾಕಿಯಾಗಿದೆ, ಇನ್ನೊಂದಿಷ್ಟು ಹಾಕಿದರೇನು? ಈ ವಾದವನ್ನು ನಾನು ಒಪ್ಪುವುದಿಲ್ಲ. ಲಿಫ್ಟಿನ ದುಡ್ಡು ಈಗಾಗಲೇ ಹೋಗಿದೆ. ಜ್ಯಾಕ್ ಕೊಂಡರೂ ಕೊಳ್ಳದಿದ್ದರೂ ಅದು ಮರಳುವುದಿಲ್ಲ. ಹಾಗಾಗಿ ಹೊಸ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಬ್ರೇಕ್ ಕೆಲಸದ ಪೂರ್ತಿ ಮಜೂರಿಯನ್ನು ಜ್ಯಾಕಿನ ಗಳಿಕೆ ಎಂದು ಬರೆದುಕೊಳ್ಳುವುದೂ ಅಷ್ಟೇ ತಪ್ಪು. ಜ್ಯಾಕ್ ಇಲ್ಲದಿದ್ದರೂ ಅದೇ ಕೆಲಸ ನೆಲದ ಮೇಲೆ ಟ್ರಾಲಿ ಜ್ಯಾಕ್ ಮತ್ತು ಸ್ಟ್ಯಾಂಡ್ ಇಟ್ಟು ನಡೆಯುತ್ತಿತ್ತು. ಜ್ಯಾಕ್ ಬಂದುದರಿಂದ ಹೆಚ್ಚುವರಿಯಾಗಿ ಬಂದದ್ದೆಷ್ಟು, ಅಷ್ಟೇ ಅದರ ಗಳಿಕೆ. ಅದು ಎರಡು ದಾರಿಯಲ್ಲಿ ಬರಬಹುದು: ಉಳಿದ ಸಮಯದಲ್ಲಿ ಮಾಡಿದ ಇನ್ನೊಂದು ಕೆಲಸ, ಅಥವಾ ಹಿಂದೆ ವಾಪಸು ಕಳಿಸುತ್ತಿದ್ದ ಗಿರಾಕಿ.

ಇಲ್ಲಿ ಊರು ಮುಖ್ಯವಾಗುತ್ತದೆ. ಚಾರ್ಮಾಡಿಯನ್ನೇ ತೆಗೆದುಕೊಳ್ಳಿ, ಅದು ಇರುವುದು ಘಾಟಿಯ ಬುಡದಲ್ಲಿ. ಕೊಟ್ಟಿಗೆಹಾರದಿಂದ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಇಳಿಯುವ ಗಾಡಿಗಳು ತಿರುವು ತಿರುವಿಗೂ ಬ್ರೇಕ್ ಒತ್ತುತ್ತ ಬರುತ್ತವೆ. ಗೇರ್ ಇಳಿಸದೆ ಬ್ರೇಕನ್ನೇ ನೆಚ್ಚಿದರೆ ಪ್ಯಾಡು, ಲೈನರುಗಳು ಕಾದು ಬೇಗ ಸವೆಯುತ್ತವೆ. ಮಳೆಗಾಲದ ನೀರು, ಕೆಸರು, ಒಳದಾರಿಗಳ ಹೊಂಡ ಸೇರಿದರೆ ಬೇರಿಂಗ್, ಬುಶ್, ಆಕ್ಸಲ್ ಬೂಟುಗಳ ಸರದಿ. ಅಂದರೆ ಈ ಭಾಗದ ಗ್ಯಾರೇಜಿಗೆ ಬರುವ ಕೆಲಸದಲ್ಲಿ ಚಕ್ರ ಬಿಚ್ಚಬೇಕಾದ ಪಾಲು ದೊಡ್ಡದು. ಆ ಕೆಲಸಕ್ಕೆಲ್ಲ ಕಾರನ್ನು ಲಿಫ್ಟಿನಿಂದ ಕೆಳಗಿಳಿಸಬೇಕಾಗಿದ್ದರೆ, ಈಗಾಗಲೇ ಕೊಂಡ ಯಂತ್ರ ಅಷ್ಟು ಹೊತ್ತು ಸುಮ್ಮನೆ ನಿಂತಂತೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಜ್ಯಾಕ್, ಸಾಗಾಟ, ಜೋಡಣೆ ಎಲ್ಲ ಸೇರಿ ₹80,000 ಎಂದಿಟ್ಟುಕೊಳ್ಳಿ. ಶೇ 12ರ ಬಡ್ಡಿಗೆ 24 ತಿಂಗಳ ಸಾಲ ಮಾಡಿದರೆ ಕಂತು ತಿಂಗಳಿಗೆ ಸುಮಾರು ₹3,766. ಒಟ್ಟು ಬಡ್ಡಿ ಹತ್ತು ಸಾವಿರದ ಆಸುಪಾಸು. ಒಂದು ಕೆಲಸದಲ್ಲಿ ಮುಕ್ಕಾಲು ಗಂಟೆ ಉಳಿಯುತ್ತದೆ, ಗಂಟೆಯ ದುಡಿಮೆ ₹400 ಎಂದಾದರೆ ಪ್ರತಿ ಕೆಲಸಕ್ಕೆ ₹300 ಉಳಿತಾಯ. ತಿಂಗಳಿಗೆ ಅಂಥ 13 ಕೆಲಸ ಬಂದರೆ ಕಂತು ತುಂಬಬಹುದು. ಆದರೆ ಉಳಿದ ಮುಕ್ಕಾಲು ಗಂಟೆಗೆ ಇನ್ನೊಬ್ಬ ಗಿರಾಕಿ ಕಾದಿರಬೇಕು. ಕಾಯುವವರೇ ಇಲ್ಲದ ಗ್ಯಾರೇಜಿನಲ್ಲಿ ಉಳಿದ ಸಮಯ ವಿಶ್ರಾಂತಿಯಾದೀತು, ಹಣವಾಗದು. ನಿಮ್ಮ ಅಂಕಿಗಳು ಬೇರೆಯಿರುತ್ತವೆ. ಅವನ್ನು ಅಂದಾಜಿನಿಂದಲ್ಲ, ನಿಮ್ಮದೇ ಕೆಲಸದ ಪುಸ್ತಕದಿಂದ ತೆಗೆಯಿರಿ. ಎರಡು ತಿಂಗಳು ಯಾವ ಕೆಲಸ, ಎಷ್ಟು ಹೊತ್ತು, ಯಾರನ್ನು ವಾಪಸು ಕಳಿಸಿದಿರಿ ಎಂದು ಬರೆದಿಟ್ಟರೆ ಉತ್ತರ ಅಲ್ಲಿಯೇ ಸಿಗುತ್ತದೆ.

ನೆಲದ ಮೇಲಿನ ಜ್ಯಾಕ್ ಸಾಕಲ್ಲವೇ ಎನ್ನುವವರಿದ್ದಾರೆ. ವಾರಕ್ಕೆ ಒಂದೆರಡು ಚಕ್ರ ಬಿಚ್ಚುವವರಿಗೆ ಖಂಡಿತ ಸಾಕು. ಮನೆಯ ಸ್ವಂತ ಕಾರಿಗಾಗಿಯಷ್ಟೇ ಲಿಫ್ಟ್ ಇಟ್ಟುಕೊಂಡವರಿಗೆ ಬ್ರಿಡ್ಜ್ ಜ್ಯಾಕ್ ಅನುಕೂಲವೇ ಹೊರತು ಹೂಡಿಕೆಯಲ್ಲ. ದಿನವೂ ಬಗ್ಗಿ ಕೂತು ದುಡಿಯುವವರ ಮಾತು ಬೇರೆ. ಬೆನ್ನು ಮಂಡಿಗಳ ಸವೆತ ಯಾವ ಬಿಲ್ಲಿನಲ್ಲೂ ಕಾಣದಿದ್ದರೂ ದುಡಿಯುವ ವರ್ಷಗಳನ್ನು ಕಡಿಮೆ ಮಾಡುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ಕೆಲವರು ತೆರಿಗೆ ಉಳಿತಾಯದ ಆಸೆ ತೋರಿಸುತ್ತಾರೆ. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ಉದ್ಯಮಿಗೆ ಯಂತ್ರದ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಬಿಲ್ಲಿನಲ್ಲಿ ಕಟ್ಟಿದ ತೆರಿಗೆಯೂ ಖರ್ಚೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರಸ್ತೆಯದು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯ ಸಂಚಾರವೇ ನಿಂತಿತ್ತು. ಒಂದೇ ರಸ್ತೆಯ ಗಿರಾಕಿಯನ್ನು ನಂಬಿ ಕಂತು ಕಟ್ಟುವವನಿಗೆ ಅಂಥ ಮಳೆಗಾಲ ಭಾರವಾಗುತ್ತದೆ. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಅದಕ್ಕೆ ತಕ್ಕಂತೆ ಸಾಲವನ್ನು ಹೊಂದಿಸಿಕೊಳ್ಳಿ ಎನ್ನುತ್ತೇನೆ. ಮೂರು ನಾಲ್ಕು ಕಂತಿನ ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಇರಲಿ. ಉಜಿರೆ, ಬೆಳ್ತಂಗಡಿ ಕಡೆಯ ಸ್ಥಳೀಯ ಗಾಡಿಗಳಿಂದಲೇ ಕಂತಿನಷ್ಟು ಕೆಲಸ ಬರುತ್ತದೆಯೇ ನೋಡಿ, ಘಾಟಿಯ ಗಿರಾಕಿಯನ್ನು ಮೇಲಿನ ಲಾಭವೆಂದು ಎಣಿಸಿ. ಸಾಲ ಬೇಕಾದರೆ ಮುದ್ರಾ ಯೋಜನೆಯ ಕಿಶೋರ ವಿಭಾಗದಲ್ಲಿ ₹50,000ಕ್ಕಿಂತ ಹೆಚ್ಚಿನ, ₹5 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡವಿಡಬೇಕಿಲ್ಲ. ಇಂಥ ಲೆಕ್ಕವನ್ನು ಕಲಿಯಬಯಸುವವರಿಗೆ 1982ರಲ್ಲಿ ಆರಂಭವಾದ, ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಉಜಿರೆಯಲ್ಲೇ ಇದೆ.

ಕೊಳ್ಳುವುದೆಂದು ತೀರ್ಮಾನಿಸಿದರೆ ಬೆಲೆಗಿಂತ ಮೊದಲು ಅಳತೆ ನೋಡಿ. ಹಲಗೆಗಳ ನಡುವಿನ ಅಗಲಕ್ಕೂ ಒಳಅಂಚಿನ ಹಳಿಗೂ ಜ್ಯಾಕ್ ಹೊಂದದಿದ್ದರೆ ದುಡ್ಡು ಪೂರ್ತಿ ನಷ್ಟ. ಅದರ ಸಾಮರ್ಥ್ಯ ನೀವು ಎತ್ತುವ ಅತಿ ಭಾರದ ಗಾಡಿಯ ಒಂದು ಆಕ್ಸಲಿನ ತೂಕಕ್ಕಿಂತ ಧಾರಾಳವಾಗಿ ಹೆಚ್ಚಿರಲಿ, ಎತ್ತಿದ ಮೇಲೆ ಭಾರ ಹೊರುವ ಮೆಕ್ಯಾನಿಕಲ್ ಲಾಕ್ ಇರಲೇಬೇಕು. ಗಾಳಿಯಿಂದ ಓಡುವ ಜ್ಯಾಕಿಗೆ ಕಂಪ್ರೆಸರ್ ಬೇಕು, ಕರೆಂಟೂ ಬೇಕು. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಊರಿಗೆ ಕೈಪಂಪಿನ ಹೈಡ್ರಾಲಿಕ್ ಜ್ಯಾಕ್ ನಿಧಾನವಾದರೂ ಅಗ್ಗ ಮತ್ತು ಭರವಸೆಯದು. ಘಾಟಿಯ ಬುಡದಲ್ಲಿ ತುಂಬಿದ ಕೆಲಸವಿರುವ ಗ್ಯಾರೇಜಿಗೆ ಎರಡನೇ ಲಿಫ್ಟಿಗಿಂತ ಮೊದಲು ಬ್ರಿಡ್ಜ್ ಜ್ಯಾಕೇ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹಾಗೆ ಹೇಳಬೇಕಾದದ್ದು ನಿಮ್ಮ ಕೆಲಸದ ಪುಸ್ತಕ, ನೀವು ಲಿಫ್ಟಿಗೆ ಹಾಕಿದ ಹಳೆಯ ದುಡ್ಡಲ್ಲ.