‘ತಿಳಿ’ ಎಂಬ ಚಿಕ್ಕ ಪದ

ಮಕ್ಕಳೇ, ನಾರಾಯಣಪೇಟೆಯ ಕೈಮಗ್ಗದ ಸೀರೆಗಳನ್ನು ನೀವು ನೋಡಿರಬಹುದು. ಎರಡು ಸೀರೆಗಳ ಬಣ್ಣವೂ ಹಸಿರೇ ಇದ್ದರೂ ಒಂದು ಕಡುಹಸಿರು, ಇನ್ನೊಂದು ತಿಳಿಹಸಿರು ಆಗಿರಬಹುದು. ‘ಕಡು’ ಎಂದರೆ ಬಹಳ, ತೀವ್ರ. ಕಡುಬಿಸಿಲು, ಕಡುಬಡತನ ಎಂಬ ಮಾತುಗಳಲ್ಲಿಯೂ ಅದೇ ಪದವಿದೆ. ಹಾಗಾದರೆ ‘ತಿಳಿ’ ಎಂದರೇನು?

ಇದರ ಉತ್ತರ ನೀರಿನಲ್ಲಿದೆ. ನಮ್ಮ ಮಕ್ತಲ್ ಸೀಮೆಯ ಅಂಚಿನಲ್ಲಿ ಕೃಷ್ಣಾ ನದಿ ಹರಿಯುತ್ತದೆ. ಮಳೆಗಾಲದಲ್ಲಿ ಹೊಳೆಯ ನೀರು ಮಣ್ಣು ಬೆರೆತು ಕದಡಿರುತ್ತದೆ. ಆ ನೀರನ್ನು ಕೊಡದಲ್ಲಿ ತುಂಬಿ ಅಲುಗಾಡಿಸದೆ ಇಡಿರಿ. ಮಣ್ಣು ತಳಕ್ಕೆ ಇಳಿಯುತ್ತದೆ. ಮೇಲೆ ನಿಲ್ಲುವುದೇ ತಿಳಿನೀರು. ಗಟ್ಟಿಯಿಲ್ಲದ ಸಾರು ತಿಳಿಸಾರು. ಹಾಗೆಯೇ ದಟ್ಟವಲ್ಲದ ಬಣ್ಣ ತಿಳಿಬಣ್ಣ.

ಪಾಠ ಮುಗಿದಾಗ ಗುರುಗಳು “ತಿಳಿಯಿತೇ?” ಎಂದು ಕೇಳುತ್ತಾರಲ್ಲವೇ? ಇದೂ ಅದೇ ಪದ! ಮನಸ್ಸಿನ ಗೊಂದಲ ಕೆಳಗಿಳಿದು ವಿಷಯ ಸ್ಪಷ್ಟವಾಗಿ ಕಂಡರೆ ಅದೇ ತಿಳಿಯುವುದು. ತಿಳಿವಳಿಕೆ ಎಂಬ ಪದ ಹುಟ್ಟಿದ್ದು ಇದರಿಂದಲೇ.

ಈಗ ತೆಲುಗನ್ನು ನೆನೆಯಿರಿ. ತೆಲುಗಿನಲ್ಲಿ ‘ತೆಲುಪು’ ಎಂದರೆ ಬಿಳಿ ಬಣ್ಣ. ತಿಳಿಸು ಎಂಬುದಕ್ಕೂ ‘ತೆಲುಪು’ ಎನ್ನುತ್ತಾರೆ. ತಮಿಳಿನಲ್ಲಿ ‘ತೆಳಿ’ ಎಂದರೆ ತಿಳಿಯಾಗು. ಇವು ಒಂದೇ ಬೇರಿನಿಂದ ಚಿಗುರಿದ ದ್ರಾವಿಡ ಪದಗಳು. ಒಂದು ಭಾಷೆ ಇನ್ನೊಂದರಿಂದ ಸಾಲ ಪಡೆದದ್ದಲ್ಲ. ಇವು ಅಕ್ಕತಂಗಿಯರಂತೆ.

ದೂರದ ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಕತಲಾನ್ ಎಂಬ ಭಾಷೆಯನ್ನಾಡುತ್ತಾರೆ. ಅಲ್ಲಿ ತಿಳಿನೀಲಿಗೆ ‘ಬ್ಲಾವ್ ಕ್ಲಾರ್’ ಎನ್ನುತ್ತಾರೆ. ‘ಕ್ಲಾರ್’ ಎಂದರೆ ಸ್ಪಷ್ಟ ಎಂದೂ ಅರ್ಥ. ಅದು ಲ್ಯಾಟಿನ್ ಭಾಷೆಯ ‘ಕ್ಲಾರುಸ್’ ಪದದಿಂದ ಬಂದಿದೆ. ಇಂಗ್ಲಿಷಿನ ‘ಕ್ಲಿಯರ್’ ಕೂಡ ಅದರದೇ ಮೊಮ್ಮಗು. ನಮ್ಮ ಭಾಷೆಗೂ ಅದಕ್ಕೂ ನಂಟಿಲ್ಲ. ಆದರೂ ಬಣ್ಣವನ್ನೂ ಅರಿವನ್ನೂ ಜೋಡಿಸಿದ ಆಲೋಚನೆ ಒಂದೇ!

ಗಡಿನಾಡಿನ ಮಕ್ಕಳ ಮಾತು ಕಲಬೆರಕೆ ಎಂದು ಕೆಲವರು ನಗುವುದುಂಟು. ನೀವು ಕುಗ್ಗಬೇಡಿರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಕೇಳುವ ನಿಮಗೆ ಇಂತಹ ನಂಟುಗಳು ಬೇಗ ಕಾಣುತ್ತವೆ. ತರಗತಿಯಲ್ಲಿ “ತಿಳಿಯಲಿಲ್ಲ” ಎನ್ನಲು ನಾಚಬೇಡಿರಿ. ನೀರು ಇನ್ನೂ ತಿಳಿಯಾಗಿಲ್ಲ ಎಂದಷ್ಟೇ ಅದರ ಅರ್ಥ. ಮತ್ತೊಮ್ಮೆ ಕೇಳಿರಿ.

ಅಭ್ಯಾಸ
1. ಕದಡಿದ ನೀರು ತಿಳಿಯಾಗುವುದು ಹೇಗೆ?
2. ‘ತೆಲುಪು’ ಪದದ ಎರಡು ಅರ್ಥಗಳನ್ನು ಬರೆಯಿರಿ.
3. ‘ತಿಳಿ’, ‘ಕಡು’ ಸೇರಿಸಿ ನಾಲ್ಕು ಬಣ್ಣಗಳ ಹೆಸರು ಬರೆಯಿರಿ.
4. ಕನ್ನಡ, ತೆಲುಗುಗಳಲ್ಲಿ ಹೋಲುವ ಐದು ಪದಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ.