ಬೀರುವಿನ ಕ್ಯಾಸೆಟ್ಟು ಹಜಾರದ ಟೀವಿಗೆ: ಮತ್ತೆ ನೋಡುವವರಿಗೆ ಹನ್ನೊಂದು ಸೂತ್ರಗಳು

1980ರ ದಶಕದ ಕೊನೆಯಿಂದ ಮುಂದಿನ ಎರಡು ದಶಕಗಳಲ್ಲಿ ಮದುವೆ ನಡೆದ ಮನೆಗಳ ಬೀರು ತೆಗೆದು ನೋಡಿ. ರೇಷ್ಮೆ ಸೀರೆಯ ಪಕ್ಕ ಒಂದು ವಿಎಚ್‌ಎಸ್ ಕ್ಯಾಸೆಟ್ಟೋ ನಾಲ್ಕಾರು ಸಿಡಿಗಳೋ ಇದ್ದೇ ಇರುತ್ತವೆ. ಹಾಕಿ ನೋಡಲು ಯಂತ್ರ ಮಾತ್ರ ಇಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ಇನ್ನೂ ತಡಮಾಡಿದರೆ ಯಂತ್ರ ಸಿಗುವುದಿಲ್ಲ, ರಿಪೇರಿ ಮಾಡುವವರು ಸಿಗುವುದಿಲ್ಲ, ಪರದೆಯ ಮೇಲಿನ ಮುಖ ನೋಡಿ ಇಂಥವರೆಂದು ಹೇಳುವ ಹಿರಿಯರೂ ಇರುವುದಿಲ್ಲ. ಮೊದಲೆರಡಕ್ಕೆ ಹೇಗೋ ದಾರಿ ಹುಡುಕಬಹುದು.

1. ಎಲ್ಲವನ್ನೂ ಒಂದೆಡೆ ಹರವಿ, ಬಗೆ ಬೇರ್ಪಡಿಸಿ

ದೊಡ್ಡ ಕಪ್ಪು ಪೆಟ್ಟಿಗೆಯದು ವಿಎಚ್‌ಎಸ್. ಆಡಿಯೋ ಕ್ಯಾಸೆಟ್ಟಿನಷ್ಟೇ ಇರುವುದು ವಿಡಿಯೋ 8 ಅಥವಾ ಹೈ 8. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು ಮಿನಿ ಡಿವಿ. ಆಮೇಲೆ ವಿಸಿಡಿ, ಡಿವಿಡಿ. ಬಾಡಿಗೆ ಅಂಗಡಿಯಿಂದ ತಂದು ವಾಪಸು ಕೊಡದ ಸಿನಿಮಾ ಕ್ಯಾಸೆಟ್ಟುಗಳನ್ನು ಕೊನೆಗಿಡಿ. ಆ ಸಿನಿಮಾ ಬೇರೆಲ್ಲಾದರೂ ಸಿಗುತ್ತದೆ, ನಿಮ್ಮ ತಂಗಿಯ ನಾಮಕರಣ ಸಿಗುವುದಿಲ್ಲ. ಆದರೂ ಎಸೆಯುವ ಮುನ್ನ ಒಮ್ಮೆ ಕೊನೆಯವರೆಗೆ ಓಡಿಸಿ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಎರಡೂವರೆ ಗಂಟೆಯ ಸಿನಿಮಾ ಮುಗಿದ ಮೇಲೆ ಉಳಿದ ಜಾಗದಲ್ಲಿ ಯಾರೋ ಮನೆಯ ಗಣಪತಿ ಹಬ್ಬ ತುಂಬಿಸಿರುತ್ತಾರೆ.

2. ಬೂಷ್ಟು ಕಂಡರೆ ಡೆಕ್ಕಿಗೆ ಹಾಕಲೇಬೇಡಿ

ಮಲೆನಾಡು, ಕರಾವಳಿಯವರು ಇದನ್ನು ಎರಡು ಸಲ ಓದಬೇಕು. ಕ್ಯಾಸೆಟ್ಟಿನ ಗಾಜಿನಂಥ ಕಿಂಡಿಯಲ್ಲಿ ಇಣುಕಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಅದನ್ನು ಓಡಿಸಿದರೆ ಡೆಕ್ಕಿನ, ಅಂದರೆ ವಿಸಿಆರ್‌ನ, ಹೆಡ್ ಹಾಳು, ಆಮೇಲೆ ಹಾಕಿದ ಒಳ್ಳೆಯ ಟೇಪುಗಳೂ ಹಾಳು. ಬಿಸಿಲಿಗೆ ಇಡುವುದು, ಬಟ್ಟೆಯಿಂದ ತಿಕ್ಕುವುದು ಬೇಡ. ಬೇರೆ ಚೀಲಕ್ಕೆ ಹಾಕಿ, ಟೇಪು ಸ್ವಚ್ಛಮಾಡಿಕೊಡುವವರಿಗೇ ಒಪ್ಪಿಸಿ.

ಚೆನ್ನಾಗಿರುವ ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಈಗಲೇ ಮುರಿದುಬಿಡಿ. ಯಾರೋ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಜ್ಜನ ಷಷ್ಟ್ಯಬ್ದಿ ಅಳಿಸಿಹೋಗುವುದಿಲ್ಲ.

3. ಸ್ಟುಡಿಯೋದವರಿಗೆ ಕೊಡುವ ಮುನ್ನ ಬಾಯಿಬಿಟ್ಟು ಕೇಳಿ

ಟೇಪನ್ನು ಫೈಲಾಗಿ ಇಳಿಸಿಕೊಡುವ ಸ್ಟುಡಿಯೋದವರಿಗೆ ಎಲ್ಲ ಟೇಪನ್ನೂ ಒಟ್ಟಿಗೆ ಕೊಡಬೇಡಿ. ಒಂದನ್ನು ಕೊಟ್ಟು, ಬಂದದ್ದನ್ನು ಮನೆಯ ಟೀವಿಯಲ್ಲಿ ನೋಡಿ, ಆಮೇಲೆ ಮುಂದಿನ ಮಾತು. ಡಿವಿಡಿ ಬರೆದುಕೊಡುತ್ತೇವೆ ಎಂದರೆ ಬೇಡವೆನ್ನಿ. ಪೆನ್‌ಡ್ರೈವಿನಲ್ಲೋ ಹಾರ್ಡ್‌ಡಿಸ್ಕಿನಲ್ಲೋ ಫೈಲು ಕೇಳಿ. ನಮ್ಮಲ್ಲಿನ ವಿಡಿಯೋ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ಟು ಎನ್‌ಟಿಎಸ್‌ಸಿ ಆಗಿರುತ್ತದೆ, ಸೆಕೆಂಡಿಗೆ ಸುಮಾರು 30. ಎರಡನ್ನೂ ಓಡಿಸುವ ಡೆಕ್ಕು ಇದೆಯೇ ಎಂದು ಮೊದಲೇ ವಿಚಾರಿಸಿ.

ಮಿನಿ ಡಿವಿ ಇದ್ದರೆ ನಿಮ್ಮದು ಅದೃಷ್ಟ. ಅದರಲ್ಲಿರುವುದು ಆಗಲೇ ಡಿಜಿಟಲ್. ಫೈರ್‌ವೈರ್ ಕೇಬಲ್ಲಿನಿಂದ ಇಳಿಸಿದರೆ ಟೇಪಿನಲ್ಲಿದ್ದದ್ದು ಇದ್ದಹಾಗೆಯೇ ಬರುತ್ತದೆ. ಗಂಟೆಗೆ ಸುಮಾರು 13 ಜಿಬಿ. ಹಳದಿ, ಬಿಳಿ, ಕೆಂಪು ವೈರಿನಿಂದ ಇಳಿಸುತ್ತೇವೆ ಎನ್ನುವವರಿಗೆ ಅದನ್ನು ಕೊಡಬೇಡಿ.

ಇನ್ನೊಂದು ಷರತ್ತು: ಹೊಸ ಹಾಡು ಸೇರಿಸಬಾರದು, ಕತ್ತರಿಸಬಾರದು, ಸ್ಟುಡಿಯೋದ ಹೆಸರನ್ನು ಮೂಲೆಯಲ್ಲಿ ಅಂಟಿಸಬಾರದು.

4. ಸಿಡಿಗಳನ್ನು ಇವತ್ತೇ ಕಂಪ್ಯೂಟರಿಗೆ ಇಳಿಸಿ

ಇದಕ್ಕೆ ಯಾರ ಹಂಗೂ ಬೇಡ. ಸಿಡಿ ಡ್ರೈವ್ ಇರುವ ಹಳೆಯ ಕಂಪ್ಯೂಟರ್ ಸಾಕು. ವಿಸಿಡಿಯಲ್ಲಿ ‘ಎಂಪೆಗ್‌ಎವಿ’ ಎಂಬ ಫೋಲ್ಡರಿನೊಳಗೆ ‘ಡ್ಯಾಟ್’ ಫೈಲುಗಳಿರುತ್ತವೆ. ನಕಲು ಮಾಡಿ, ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ಹಾಕಿದರೆ ಓಡುತ್ತವೆ. ಡಿವಿಡಿಯಾದರೆ ‘ವಿಡಿಯೋ ಟಿಎಸ್’ ಫೋಲ್ಡರನ್ನು ಇಡಿಯಾಗಿ ಎತ್ತಿಕೊಳ್ಳಿ. ಸಿಡಿಯ ಮೇಲ್ಭಾಗಕ್ಕೆ ಬಾಲ್‌ಪೆನ್ ತಾಗಿಸಬೇಡಿ. ಮಾಹಿತಿ ಹೊತ್ತ ಪದರ ಇರುವುದು ಆ ಲೇಬಲ್ಲಿನ ಬದಿಯಲ್ಲೇ, ತೆಳುವಾದ ಲೇಪದ ಕೆಳಗೆ.

5. ದೊಡ್ಡ ಟೀವಿಯ ಜಾಣತನವನ್ನು ಕಡಿಮೆ ಮಾಡಿ

ಹಳೆಯ ವಿಡಿಯೋದ ಚೌಕಟ್ಟು 4:3. ಹೊಸ ಟೀವಿ ಅದನ್ನು ಎರಡೂ ಬದಿಗೆ ಜಗ್ಗಿ ಪರದೆ ತುಂಬಿಸುತ್ತದೆ; ಸಣಕಲು ಚಿಕ್ಕಪ್ಪನೂ ಪೈಲ್ವಾನನಂತೆ ಕಾಣುತ್ತಾರೆ. ಸೆಟ್ಟಿಂಗಿಗೆ ಹೋಗಿ 4:3 ಮಾಡಿ, ಎಡಬಲದ ಕಪ್ಪು ಪಟ್ಟಿಗೆ ಹೆದರಬೇಡಿ. ವಿಡಿಯೋದಲ್ಲಿ ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ವಿಎಲ್‌ಸಿಯಲ್ಲಿ ‘ಡಿಇಂಟರ್‌ಲೇಸ್’ ಚಾಲೂ ಮಾಡಿ.

ಸಿನಿಮಾ ನೋಡುವಾಗ ಇನ್ನೊಂದು ಕೆಲಸವಿದೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದು; ಟೀವಿ ನಡುನಡುವೆ ತಾನೇ ಚಿತ್ರ ಹುಟ್ಟಿಸಿ ಸೇರಿಸಿದರೆ ಹಳೆಯ ಸಿನಿಮಾವೂ ಮೊನ್ನೆಯ ಧಾರಾವಾಹಿಯಂತೆ ಕಾಣುತ್ತದೆ. ಇದಕ್ಕೆ ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂದು ಒಂದೊಂದು ಹೆಸರು. ಆಫ್ ಮಾಡಿ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಇದನ್ನೇ ಹೇಳಲು ಒಂದು ವಿಡಿಯೋ ಹೊರಡಿಸಿದ್ದರು.

ಹಾಗೆಯೇ ಕುರ್ಚಿಯನ್ನು ಹಿಂದಕ್ಕೆ ಸರಿಸಿ. ಆ ವಿಡಿಯೋ ಹುಟ್ಟಿದ್ದು 20, 21 ಇಂಚಿನ ಟೀವಿಗೆ.

6. ಮುಖವನ್ನು ‘ಚೆಂದ’ ಮಾಡಿಸಬೇಡಿ

ಕೃತಕ ಬುದ್ಧಿಮತ್ತೆಯಿಂದ ಹಳೆಯ ವಿಡಿಯೋವನ್ನು 4ಕೆ ಮಾಡಿಕೊಡುತ್ತೇವೆ ಎನ್ನುವವರು ಈಗ ಬೇಕಾದಷ್ಟು. ಟೇಪಿನಲ್ಲಿ ಇಲ್ಲದ ವಿವರವನ್ನು ಆ ತಂತ್ರಾಂಶ ಊಹಿಸಿ ತುಂಬುತ್ತದೆ. ಚಪ್ಪರದ ಅಂಚಿನಲ್ಲಿ ನಿಂತ ಅಜ್ಜಿಯ ಮುಖ ಮೂಲದಲ್ಲಿ ಹತ್ತಿಪ್ಪತ್ತು ಚುಕ್ಕೆಯಷ್ಟಿದ್ದರೆ, ಹೊಸ ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುವವರು ನಿಮ್ಮ ಅಜ್ಜಿಯಲ್ಲ. ನನಗಂತೂ ಮಸುಕಾದ ಅಜ್ಜಿಯೇ ಇರಲಿ. ಮಾಡಿಸಲೇಬೇಕೆಂದರೆ ಮಾಡಿಸಿ, ಮೂಲವನ್ನು ಮುಟ್ಟದೆ ಪಕ್ಕಕ್ಕಿಡಿ.

ಸಿನಿಮಾದಲ್ಲೂ ಎರಡು ದಾರಿಗಳಿವೆ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು, ಜನ ಬಂದರು, ಮಕ್ಕಳೂ ಬಂದರು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಕಪ್ಪು ಬಿಳುಪಿನಲ್ಲೇ ದುರಸ್ತಿ ಮಾಡಿಸಿದವು, 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದ ಪರದೆಗೆ ಹೋಯಿತು. ಮನೆಯಲ್ಲಿ ನೋಡುವವರಿಗೆ ನನ್ನ ಸಲಹೆ: ಕಪ್ಪು ಬಿಳುಪು ಮೊದಲು. ಬೆಳಕು ನೆರಳಿನ ಲೆಕ್ಕ ಹಾಕಿ ದೀಪ ಇಟ್ಟಿದ್ದು ಅದಕ್ಕೇ.

7. ಒಂದೇ ಸಿನಿಮಾದ ನಾಲ್ಕು ಪ್ರತಿಗಳಲ್ಲಿ ಸರಿಯಾದದ್ದನ್ನು ಆರಿಸಿ

ಯೂಟ್ಯೂಬಿನಲ್ಲಿ ಮೊದಲು ಅವಧಿ ನೋಡಿ. ಅತಿ ಉದ್ದದ ಪ್ರತಿಯಲ್ಲೇ ಸಾಮಾನ್ಯವಾಗಿ ಹಾಡುಗಳೆಲ್ಲ ಉಳಿದಿರುತ್ತವೆ. ಹೆಸರಿನ ಪಟ್ಟಿ ಬರುವಾಗ ಅಕ್ಷರಗಳು ಅಂಚಿನಲ್ಲಿ ಕತ್ತರಿಸಿಹೋಗಿದ್ದರೆ ಚಿತ್ರವನ್ನೂ ಕತ್ತರಿಸಿದ್ದಾರೆಂದೇ ಅರ್ಥ, ಬೇರೆಯದಕ್ಕೆ ಹೋಗಿ. ಹಕ್ಕುಳ್ಳವರ ಚಾನೆಲ್ಲಿದ್ದರೆ ಅದನ್ನೇ ಆರಿಸಿ.

8. ಕೇಳದೆ ಹಾಕಬೇಡಿ

ತೀರಿಕೊಂಡವರು ನಡೆದಾಡುವುದನ್ನು ತಟ್ಟನೆ ಕಾಣುವುದು ಎಲ್ಲರಿಂದಾಗುವ ಕೆಲಸವಲ್ಲ. ಫೋಟೋ ಬೇರೆ, ದನಿ ಬೇರೆ. ‘ಅಮ್ಮ, ಇದರಲ್ಲಿ ಅಪ್ಪ ಇದ್ದಾರೆ, ಹಾಕಲಾ?’ ಎಂದು ಹಿಂದಿನ ದಿನವೇ ಕೇಳಿ. ಬೇಡವೆಂದರೆ ಬಿಡಿ, ತಿಂಗಳು ಕಳೆದ ಮೇಲೆ ಅವರೇ ಕೇಳುವುದುಂಟು. ಹಾಗೆಯೇ, ಮುರಿದುಬಿದ್ದ ಮದುವೆಯ ಕ್ಯಾಸೆಟ್ಟನ್ನು ಹಬ್ಬದ ಊಟದ ನಂತರ ಹಾಕುವ ಸಾಹಸ ಬೇಡ.

9. ಮದುಮಕ್ಕಳನ್ನು ಬಿಡಿ, ಪಂಕ್ತಿಯನ್ನು ನೋಡಿ

ಮದುವೆ ವಿಡಿಯೋದ ಮೂರು ಗಂಟೆಯನ್ನು ಕೂತು ನೋಡುವವರು ಯಾರೂ ಇಲ್ಲ, ಮದುವೆಯಾದವರೂ ಇಲ್ಲ. ಇಪ್ಪತ್ತು, ಮೂವತ್ತು ನಿಮಿಷ ಆರಿಸಿ. ಹಾರ ಬದಲಾಯಿಸುವುದು, ಹೃದಯದ ಆಕಾರದಲ್ಲಿ ಮುಖ ತೇಲಿಬರುವುದು ಬೇಗ ಬೇಸರ ತರುತ್ತವೆ. ನಿಜವಾದ ಸಂಪತ್ತು ವಿಡಿಯೋದವರು ಹೊತ್ತು ಕಳೆಯಲು ತೆಗೆದ ಭಾಗಗಳಲ್ಲಿದೆ: ಊಟದ ಪಂಕ್ತಿ, ಉಡುಗೊರೆ ಕೊಡಲು ನಿಂತ ಸಾಲು, ಹಲೊಜೆನ್ ದೀಪಕ್ಕೆ ಕಣ್ಣು ಕಿರಿದು ಮಾಡಿ ಎಲೆಯ ಮೇಲೆ ಬಗ್ಗಿದ ಹಿರಿಯರು. ಇಡೀ ಬಳಗ ಒಬ್ಬರೂ ತಪ್ಪದೆ ಸಿಗುವುದು ಅಲ್ಲಿಯೇ. ಅಡುಗೆಯವರು, ಓಲಗದವರು, ಮನೆಗೆ ಹಾಲು ಹಾಕುತ್ತಿದ್ದವರು, ಕೆಡವಿಹಾಕಿದ ಹಳೆಯ ಮನೆಯ ಜಗುಲಿ, ಹಿತ್ತಲ ಬಾವಿ. ಇವಾವುದರ ಫೋಟೋವನ್ನೂ ಯಾರೂ ತೆಗೆದಿರುವುದಿಲ್ಲ.

ತೊಂದರೆಯೊಂದಿದೆ. ಇಂಥ ವಿಡಿಯೋಗಳಲ್ಲಿ ಹೆಚ್ಚಿನವುಗಳ ಮೇಲೆ ಸಿನಿಮಾ ಹಾಡು ಹೊದಿಸಿ ಅಲ್ಲಿನ ಮಾತನ್ನು ಮುಚ್ಚಿಬಿಟ್ಟಿದ್ದಾರೆ. ಹಾಡು ಬಂದಾಗ ಟೀವಿಯ ದನಿ ಪೂರ್ತಿ ಇಳಿಸಿ. ಹಜಾರದಲ್ಲಿ ಕೂತವರೇ ಮಾತಾಡತೊಡಗುತ್ತಾರೆ: ‘ಇವರು ತೀರ್ಥಹಳ್ಳಿ ಅತ್ತೆ ಕಣೇ’, ‘ಆ ಸೀರೆ ನಂದು, ಅವಳು ಉಟ್ಕೊಂಡಿದಾಳೆ’. ಟೀವಿಯ ಪಕ್ಕದಲ್ಲಿ ಒಂದು ಫೋನನ್ನು ರೆಕಾರ್ಡಿಗೆ ಇಟ್ಟಿರಿ. ಇಡುವ ಮುನ್ನ ಎಲ್ಲರಿಗೂ ತಿಳಿಸಿ. ಇನ್ನೊಬ್ಬರು ನಿಮಿಷ ಬರೆದು ಎದುರಿಗೆ ಹೆಸರು ಬರೆಯಲಿ. ಹಿರಿಯರು ಎರಡು ಮಾತು ಹೇಳುವಷ್ಟರಲ್ಲಿ ದೃಶ್ಯ ಮುಂದೆ ಹೋಗಿರುತ್ತದೆ, ಆಗಾಗ ನಿಲ್ಲಿಸಬೇಕು. ಹಾಗಾಗಿ ರಿಮೋಟು ಮೊಮ್ಮಕ್ಕಳ ಕೈಯಲ್ಲಿ ಬೇಡ.

ಇನ್ನು ಆ ಮೊಮ್ಮಕ್ಕಳನ್ನು ಹಳೆಯ ಪರದೆಗೆ ಒಗ್ಗಿಸಲು ಮೊದಲ ದಿನವೇ ಮೂರು ಗಂಟೆಯ ಪೌರಾಣಿಕ ಸಿನಿಮಾ ಹಾಕಬೇಡಿ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಒಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

10. ಹೆಸರಿಡಿ, ಎರಡು ಮನೆಗಳಲ್ಲಿಡಿ

‘ನ್ಯೂ ವಿಡಿಯೋ 3’ ಎಂಬ ಫೈಲನ್ನು ಮುಂದೆ ಯಾರೂ ತೆರೆಯುವುದಿಲ್ಲ. ಇಸವಿ, ಊರು, ಸಮಾರಂಭ, ಈ ಕ್ರಮದಲ್ಲಿ ಹೆಸರಿಡಿ. ಒಂದು ಪ್ರತಿ ನಿಮ್ಮಲ್ಲಿ, ಇನ್ನೊಂದು ಬೇರೆ ಊರಿನ ಅಣ್ಣನಲ್ಲೋ ತಂಗಿಯಲ್ಲೋ ಇರಲಿ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಊರೂರಲ್ಲಿ ಓಡಿದ ಸಿನಿಮಾದ ಗತಿಯೇ ಅದಾದರೆ ಒಂದೇ ಕ್ಯಾಸೆಟ್ಟಿನಲ್ಲಿರುವ ಉಪನಯನದ್ದು ಏನಾದೀತು?

ಪೆನ್‌ಡ್ರೈವಿಗೆ ದೊಡ್ಡ ಫೈಲು ಹೋಗದಿದ್ದರೆ ಅದು ಫ್ಯಾಟ್ 32 ಆಗಿರುತ್ತದೆ. 4 ಜಿಬಿ ಮೀರಿದ ಫೈಲನ್ನು ಅದು ಹಿಡಿಯದು. ಅದರಲ್ಲಿರುವುದನ್ನು ಬೇರೆಡೆಗೆ ತೆಗೆದಿಟ್ಟು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

11. ಹಂಚುವಾಗ ಎಚ್ಚರ, ಎಸೆಯುವಾಗ ಇನ್ನೂ ಎಚ್ಚರ

ಕುಟುಂಬದ ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕಿದರೆ ಅದು ಕುಗ್ಗಿ ಚಿಕ್ಕದಾಗುತ್ತದೆ, ಲಿಂಕ್ ಕಳಿಸಿ. ಯೂಟ್ಯೂಬಿಗೆ ಏರಿಸಿದರೆ ಮೇಲೆ ಹೊದಿಸಿದ ಸಿನಿಮಾ ಹಾಡಿನ ಹಕ್ಕುದಾರರು ಎದ್ದು ಬರಬಹುದು, ದನಿ ಹೋಗಬಹುದು. ಚಿಕ್ಕ ಮಕ್ಕಳ ಎಣ್ಣೆಸ್ನಾನದ ವಿಡಿಯೋವನ್ನು ಊರಿಗೆಲ್ಲ ತೋರಿಸುವ ಅಗತ್ಯವೂ ಇಲ್ಲ. ಆ ಮಕ್ಕಳೀಗ ಆಫೀಸಿಗೆ ಹೋಗುತ್ತಿದ್ದಾರೆ.

ಫೈಲು ಬಂದ ಕೂಡಲೇ ಕ್ಯಾಸೆಟ್ಟನ್ನು ಗುಜರಿಗೆ ಹಾಕಬೇಡಿ. ಶುರುವಿನಿಂದ ಕೊನೆಯವರೆಗೆ ಒಬ್ಬರು ನೋಡಿ ದನಿ, ಚಿತ್ರ ಎರಡೂ ಸರಿಯಿವೆ ಎಂದಮೇಲೂ ಪೂರ್ತಿ ಸುತ್ತಿ, ನೆಟ್ಟಗೆ ನಿಲ್ಲಿಸಿ, ತೇವವಿಲ್ಲದ ಕಪಾಟಿನಲ್ಲಿಡಿ. ಅಟ್ಟ ಬೇಡ. ಬೇಸಿಗೆಯಲ್ಲಿ ಹೆಂಚಿನಡಿ ಏರುವ ಕಾವು ಟೇಪಿಗೆ ಆಗಿಬರುವುದಿಲ್ಲ.