ಪದಸೂಚಿಯನ್ನು ಅಡಕವಾಗಿ ಬರೆದಿಡುವ ಬಗೆ

ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ, ಶಿವಮೊಗ್ಗ ಜಿಲ್ಲೆಯೊಡನೆ ಪ್ರಕಟಿಸಿದರು. ಜಗಳೂರಿನ ಶಾಸನಗಳು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟದಲ್ಲಿವೆ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯು ಆಗ ಹೊನ್ನಾಳಿಗೆ ಸೇರಿತ್ತು. 1997ರಲ್ಲಿ ಈ ಊರುಗಳೆಲ್ಲ ಹೊಸ ದಾವಣಗೆರೆ ಜಿಲ್ಲೆಗೆ ಬಂದುವು. ಸಂಪುಟಗಳು ಮಾತ್ರ ಬೇರೆ ಬೇರೆಯಾಗಿಯೇ ಉಳಿದುವು. ಒಂದು ಪದಕ್ಕಾಗಿ ಎರಡನ್ನೂ ತಿರುವಿಹಾಕುವ ವಿದ್ಯಾರ್ಥಿಯ ಕಷ್ಟವನ್ನು ಗಣಕಯಂತ್ರವು ನೀಗಿಸಬಲ್ಲದು.

ಇವುಗಳ ಪಾಠಗಳನ್ನೆಲ್ಲ ಗಣಕದಲ್ಲಿ ಸೇರಿಸಿ, ಶಾಸನಗಳಿಗೆ ನಾವೇ ಕ್ರಮಸಂಖ್ಯೆ ಕೊಟ್ಟೆವೆಂದು ಭಾವಿಸೋಣ. ಶೋಧಕಯಂತ್ರವು ಪ್ರತಿ ಸಲವೂ ಎಲ್ಲವನ್ನೂ ಓದುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯಂತೆ, ಪ್ರತಿಯೊಂದು ಪದದ ಮುಂದೆಯೂ ಅದು ಬರುವ ಶಾಸನಗಳ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟಿರುತ್ತದೆ. ಈ ಬರವಣಿಗೆಯ ವಿನ್ಯಾಸವು ಹೇಗಿರಬೇಕು?

ಒಂದು ಪದವು 1003, 1007, 1012, 1020ನೆಯ ಶಾಸನಗಳಲ್ಲಿದೆಯೆನ್ನಿ. ಸಂಖ್ಯೆಗೆ ನಾಲ್ಕು ಬೈಟಿನಂತೆ 16 ಬೈಟು ಬೇಕು. ಆದರೆ ಸಂಖ್ಯೆಗಳು ಏರುಕ್ರಮದಲ್ಲಿವೆಯಷ್ಟೆ! ಮೊದಲನೆಯದನ್ನು ಪೂರ್ತಿಯಾಗಿಯೂ ಉಳಿದವುಗಳ ಅಂತರಗಳನ್ನು ಮಾತ್ರವೂ ಬರೆದರೆ 1003, 4, 5, 8 ಎಂದಾಗುತ್ತದೆ. ಬೈಟಿನ ಎಂಟು ಬಿಟ್‌ಗಳಲ್ಲಿ ಏಳನ್ನು ಸಂಖ್ಯೆಗೂ ಒಂದನ್ನು ‘ಇನ್ನೂ ಇದೆ’ ಎಂಬ ಗುರುತಿಗೂ ಮೀಸಲಿಟ್ಟರೆ, 128ಕ್ಕಿಂತ ಚಿಕ್ಕ ಸಂಖ್ಯೆಗೆ ಒಂದೇ ಬೈಟು ಸಾಕು, 1003ಕ್ಕೆ ಎರಡು. ಒಟ್ಟು ಐದೇ ಬೈಟು. ಇದಕ್ಕೂ ಬೆಲೆಯುಂಟು: 1020 ತಿಳಿಯಬೇಕಾದರೆ ಹಿಂದಿನದನ್ನೆಲ್ಲ ಕೂಡಬೇಕು. ಆದುದರಿಂದ ಉದ್ದವಾದ ಪಟ್ಟಿಗಳಲ್ಲಿ ಅಲ್ಲಲ್ಲಿ ಮೈಲಿಗಲ್ಲುಗಳಂತೆ ಪೂರ್ಣಸಂಖ್ಯೆಗಳನ್ನೂ ಇಡುತ್ತಾರೆ.

ಪದಗಳನ್ನು ಬರೆದಿಡುವಲ್ಲಿ ಕನ್ನಡದ ಸ್ಥಿತಿ ವಿಶೇಷವಾದುದು. ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು ಬೇಕು; ಇಂಗ್ಲಿಷ್ ಅಕ್ಷರಕ್ಕೆ ಒಂದು ಸಾಕು. ‘ಚನ್ನಗಿರಿ’ಯಲ್ಲಿ ಒತ್ತು, ಗುಣಿತ ಸೇರಿ ಎಂಟು ಚಿಹ್ನೆಗಳು, ಎಂದರೆ 24 ಬೈಟು. ಚನ್ನಗಿರಿ, ಚನ್ನಗಿರಿಗೆ, ಚನ್ನಗಿರಿಯ, ಚನ್ನಗಿರಿಯಲ್ಲಿ ಎಂಬ ನಾಲ್ಕು ರೂಪಗಳಿಗೆ 120 ಬೈಟು! ಆದರೆ ಅಕಾರಾದಿಯಲ್ಲಿ ಇವು ಒತ್ತಾಗಿ ನಿಲ್ಲುತ್ತವೆ. ಹಿಂದಿನ ಪದದಿಂದ ಎಷ್ಟು ಭಾಗ ಎರವಲು ಎಂಬ ಲೆಕ್ಕವನ್ನೂ ಹೊಸ ಬಾಲವನ್ನೂ ಮಾತ್ರ ಬರೆದರೆ, ಅಕ್ಷರಗಳಿಗೆ 45 ಬೈಟು, ಲೆಕ್ಕಕ್ಕೆ ಇನ್ನು ಕೆಲವು ಸಾಕು. ವಿಭಕ್ತಿಪ್ರತ್ಯಯಗಳು ಯಂತ್ರಕ್ಕೆ ತೊಡಕೆಂದು ದೂರುವವರು ಈ ಲಾಭವನ್ನೂ ಗಮನಿಸಬೇಕು.

ಡಗ್ ಕಟಿಂಗ್ ಅವರು 1999ರಲ್ಲಿ ಆರಂಭಿಸಿದ ‘ಲ್ಯೂಸೀನ್’ ಎಂಬ ತಂತ್ರಾಂಶದಲ್ಲಿ 2012ರಿಂದ ಈ ವಿನ್ಯಾಸವನ್ನು ಬಳಸುವವರೇ ಬದಲಿಸಬಹುದಾಗಿದೆ. ಆ ಬದಲಾಯಿಸಬಲ್ಲ ಭಾಗಕ್ಕೆ ‘ಕೋಡೆಕ್’ ಎಂದು ಹೆಸರು. ಶಾಸನದ ಪಾಠಕ್ಕೊಂದು, ಊರಿನ ಹೆಸರಿಗೊಂದು ವಿನ್ಯಾಸವನ್ನು ಆರಿಸಿಕೊಳ್ಳಬಹುದು.

ಸೂಚಿಯ ಪ್ರತಿ ಖಂಡದಲ್ಲಿಯೂ ಅದನ್ನು ಬರೆದ ಕೋಡೆಕ್ಕಿನ ಹೆಸರು ಇರುತ್ತದೆ. ಆ ಕೋಡೆಕ್ ಇಲ್ಲದಿದ್ದರೆ ಖಂಡವನ್ನು ಓದಲಾಗದು. ನಾವೊಮ್ಮೆ ಸ್ವಂತ ವಿನ್ಯಾಸವನ್ನು ರೂಪಿಸಿ, ಮುಂದೆ ಅದನ್ನು ತಿದ್ದಿ, ಹಳೆಯ ಸೂಚಿಯನ್ನು ಓದಲಾರದೆ ಹೋದೆವು. ಮೂಲಪಾಠಗಳನ್ನು ಬೇರೆಯಾಗಿ ಇಟ್ಟಿದ್ದುದರಿಂದ ಅದೇ ಸಂಜೆ ಸೂಚಿಯನ್ನು ಹೊಸದಾಗಿ ಕಟ್ಟಲು ಸಾಧ್ಯವಾಯಿತು.